ಹಳೇ ಬೈಕು, ಹೊಸ ಪೆಟ್ರೋಲು

ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದವರು ಮೊದಲು ಕಿಕ್ ಹೊಡೆದು ಎಂಜಿನ್ನಿಗೆ ಕಿವಿಗೊಡುತ್ತಾರೆ. ಟಪ್ಪೆಟ್ ಸದ್ದಿಲ್ಲ, ಹೊಗೆ ಬರುತ್ತಿಲ್ಲ, ಮೀಟರ್ ಜಾಸ್ತಿ ಓಡಿಲ್ಲ ಎಂದರೆ ಅರ್ಧ ವ್ಯಾಪಾರ ಮುಗಿಯಿತು. ಹತ್ತು-ಹದಿನೈದು ವರ್ಷದ ಬೈಕಿಗೆ ಈ ಪರೀಕ್ಷೆ ಸಾಲದು. ನೂರು, ನೂರೈವತ್ತು ಸಿಸಿಯ ನಮ್ಮ ಎಂಜಿನ್ನುಗಳು ಗಟ್ಟಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಬಹುಕಾಲ ಬಾಳುತ್ತವೆ. ಅದಕ್ಕಿಂತ ಮೊದಲು ಕೈಕೊಡುವುದು ರಬ್ಬರು. ಅದು ಕೆಟ್ಟಿದ್ದು ಕಿವಿಗೆ ಗೊತ್ತಾಗುವುದಿಲ್ಲ. ಈಗಂತೂ ಆ ರಬ್ಬರಿನೊಳಗೆ ಹರಿಯುವ ಪೆಟ್ರೋಲೇ ಬದಲಾಗಿದೆ.

ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಕಬ್ಬು ಬೆಳೆಯುವವರಿಗೆ ಇದರಿಂದ ಅನುಕೂಲವಿದೆ, ಆಮದು ತೈಲದ ಖರ್ಚೂ ತಗ್ಗುತ್ತದೆ. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇ20 ತಾಳಿಕೊಳ್ಳುವ ಬಿಡಿಭಾಗಗಳನ್ನು ಹಾಕಿದ ವಾಹನಗಳು ವ್ಯಾಪಕವಾಗಿ ಮಾರುಕಟ್ಟೆಗೆ ಬರತೊಡಗಿದ್ದು 2023ರ ಏಪ್ರಿಲ್ ಹೊತ್ತಿಗೆ. ಇವತ್ತು ಅಗ್ಗಕ್ಕೆ ಸಿಗುವ 2010, 2012ರ ಬೈಕುಗಳನ್ನು ತಯಾರಿಸುವಾಗ ಈ ಇಂಧನ ಯಾರ ಲೆಕ್ಕದಲ್ಲೂ ಇರಲಿಲ್ಲ.

ತೊಂದರೆ ಎರಡು ಕಡೆಯಿಂದ ಬರುತ್ತದೆ. ಒಂದು ಕಾರ್ಬೊರೇಟರಿನದು. ಒಂದು ಕಿಲೋ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಇ20ಗೆ ಈ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಬಿಎಸ್-6 ಬೈಕು ತಾನೇ ಗುರುತಿಸಿ ಇಂಧನ ಹೆಚ್ಚಿಸಿಕೊಳ್ಳುತ್ತದೆ. ಹಳೇ ಕಾರ್ಬೊರೇಟರಿನ ಜೆಟ್ಟಿಗೆ ಒಂದೇ ಅಳತೆಯ ತೂತು. ಹೀಗಾಗಿ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ತಕರಾರು, ಓಡುವಾಗ ಎಳೆತ ಕಡಿಮೆ, ಎಂಜಿನ್ನಿಗೆ ಹೆಚ್ಚು ಬಿಸಿ. ಮೈಲೇಜಿನ ನಷ್ಟ ಮಾತ್ರ ದೊಡ್ಡದಲ್ಲ. ನೀತಿ ಆಯೋಗದ 2021ರ ವರದಿ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಿಗೆ ಶೇ 3ರಿಂದ 4ರಷ್ಟು ಎಂದು ಅಂದಾಜಿಸಿತ್ತು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಎರಡನೆಯದು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿನಲ್ಲಿ ನೀರು ಸೇರಿ ಸೇರಿ, ಒಂದು ಹಂತ ದಾಟಿದರೆ ನೀರೂ ಎಥನಾಲೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ತಗಡಿನ ಟ್ಯಾಂಕು ತುಕ್ಕು ಹಿಡಿಯುವುದು ಅಲ್ಲಿಂದಲೇ. ಹಳೇ ಬಗೆಯ ರಬ್ಬರು ಎಥನಾಲಿಗೆ ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಪೆಟ್ರೋಲ್ ಪೈಪು, ಕಾಕಿನೊಳಗಿನ ವಾಷರು, ಕಾರ್ಬೊರೇಟರಿನ ಫ್ಲೋಟ್ ಸೂಜಿಯ ರಬ್ಬರ್ ತುದಿ ಇವೆಲ್ಲ ಇದಕ್ಕೆ ಸಿಕ್ಕುವ ಭಾಗಗಳು. ಸೂಜಿ ಸರಿಯಾಗಿ ಕೂರದಿದ್ದರೆ ಪೆಟ್ರೋಲು ಓವರ್‌ಫ್ಲೋ ಆಗುತ್ತದೆ. ಪೈಪು ಬಿರಿದರೆ ಅದು ತೊಟ್ಟಿಕ್ಕುವುದು ಕಾದ ಎಂಜಿನ್ನಿನ ಹತ್ತಿರ, ಸವಾರನ ಎರಡು ಮೊಣಕಾಲುಗಳ ನಡುವೆ.

ಇದು ಗಾಬರಿಯ ಮಾತಲ್ಲ. ಇ20ಯಿಂದ ದೊಡ್ಡ ತೊಂದರೆಯಿಲ್ಲ ಎಂದು 2025ರ ಆಗಸ್ಟಿನಲ್ಲಿ ಸಮರ್ಥಿಸಿಕೊಂಡ ಪೆಟ್ರೋಲಿಯಂ ಸಚಿವಾಲಯವೇ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ಟುಗಳನ್ನು ಬದಲಿಸಬೇಕಾಗಬಹುದು ಎಂದು ಒಪ್ಪಿಕೊಂಡಿದೆ. ಆ ಬದಲಾವಣೆಗೆ ಹೆಚ್ಚು ಖರ್ಚಿಲ್ಲ. ಆದರೆ ಮಾರುವವನು ಮಾಡಿಸಿರುವುದಿಲ್ಲ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಬೈಕಿನ ಬಳಿ ಕುಕ್ಕರಗಾಲಲ್ಲಿ ಕೂತು, ಟ್ಯಾಂಕಿನಿಂದ ಕಾರ್ಬೊರೇಟರಿಗೆ ಇಳಿಯುವ ಪೈಪನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ. ಮೇಲ್ಮೈಯಲ್ಲಿ ಕೂದಲೆಳೆಯ ಗೆರೆಗಳು ಬಾಯಿ ಬಿಟ್ಟರೆ ಅದರ ಆಯುಷ್ಯ ಮುಗಿದಿದೆ. ಬೆರಳು ಮೂಸಿ ನೋಡಿ: ಪೆಟ್ರೋಲ್ ವಾಸನೆ ಬಂದರೆ ಆ ಬೈಕನ್ನು ಓಡಿಸಿ ನೋಡುವುದೂ ಬೇಡ.

ಟಯರಿನದೂ ಇದೇ ಕಥೆ. ಓಡದೆ ನಿಂತ ಬೈಕಿನ ಟಯರು ಸವೆಯುವುದಿಲ್ಲ, ಮುಪ್ಪಾಗುತ್ತದೆ. ಗಾಳಿ, ಬಿಸಿಲಿಗೆ ರಬ್ಬರು ಗಡುಸಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2314 ಎಂದಿದ್ದರೆ 2014ರ 23ನೇ ವಾರ ತಯಾರಾದದ್ದು. ಹೂವು ಎಷ್ಟೇ ಆಳವಿರಲಿ, ಅಂಥ ಟಯರನ್ನು ನಂಬಿ ಮಗನನ್ನೋ ಮಗಳನ್ನೋ ಕಾಲೇಜಿಗೆ ಕಳಿಸುವುದು ತಪ್ಪು.

ಬ್ರೇಕಿನ ವಿಷಯದಲ್ಲಿ ಇಸವಿಯೇ ನಿರ್ಣಾಯಕ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, 125 ಸಿಸಿವರೆಗಿನವಕ್ಕೆ ಕನಿಷ್ಠ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಸುವ ಸಿಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಿಂದಿನ ಬಹುತೇಕ ಬೈಕುಗಳಲ್ಲಿ ಎರಡೂ ಇಲ್ಲ, ಆಮೇಲೆ ಹಾಕಿಸಿಕೊಳ್ಳಲೂ ಆಗುವುದಿಲ್ಲ. ಅಮೆರಿಕದಲ್ಲಿ ರಸ್ತೆ ಸುರಕ್ಷತೆಗೆ ದುಡಿಯುವ ಐಐಎಚ್‌ಎಸ್ ಸಂಸ್ಥೆಯ ಅಧ್ಯಯನದಲ್ಲಿ ಎಬಿಎಸ್ ಇರುವ ಬೈಕುಗಳ ಮಾರಣಾಂತಿಕ ಅಪಘಾತದ ಪ್ರಮಾಣ ಶೇ 22ರಷ್ಟು ಕಡಿಮೆ ಇತ್ತು. ನಮ್ಮಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತ 1,68,491 ಜನರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಡಿಸ್ಕ್ ಇದೆಯಲ್ಲ ಎಂದು ಸಮಾಧಾನಪಡುವಂತೆಯೂ ಇಲ್ಲ: ಬ್ರೇಕ್ ಆಯಿಲೂ ತೇವ ಹೀರುತ್ತದೆ. ಡಾಟ್ 4 ಆಯಿಲಿನ ಕುದಿಬಿಂದುವಿನ ಕನಿಷ್ಠ ಮಟ್ಟ ಹೊಸದರಲ್ಲಿ 230 ಡಿಗ್ರಿ, ಶೇ 3.7ರಷ್ಟು ನೀರು ಸೇರಿದಾಗ 155 ಡಿಗ್ರಿ. ಚಾರ್ಮಾಡಿಯಂಥ ಘಾಟಿಯಲ್ಲಿ ಬ್ರೇಕ್ ಹಿಡಿದೇ ಇಳಿಯುವಾಗ ಆಯಿಲು ಕುದಿದರೆ ಲಿವರು ಹಿಡಿತವಿಲ್ಲದೆ ಒಳಗೆ ಹೋಗುತ್ತದೆ.

ಇಷ್ಟರ ಮೇಲೂ ಹಳೇ ಬೈಕೇ ಬೇಕೆಂದರೆ, ಟಯರು, ಟ್ಯೂಬು, ಪೆಟ್ರೋಲ್ ಪೈಪು, ಕಾರ್ಬೊರೇಟರ್ ಕಿಟ್, ಬ್ರೇಕ್ ಶೂ ಅಥವಾ ಪ್ಯಾಡು, ಬ್ರೇಕ್ ಹೋಸುಗಳ ಖರ್ಚನ್ನು ನಂಬಿಕೆಯ ಮೆಕ್ಯಾನಿಕ್ ಹತ್ತಿರ ಬರೆಸಿಕೊಂಡು ಬೈಕಿನ ಬೆಲೆಗೆ ಸೇರಿಸಿ. ಆರ್‌ಸಿಗೆ 15 ವರ್ಷ ತುಂಬುತ್ತಿದ್ದರೆ ನವೀಕರಣದ ಖರ್ಚೂ ಸೇರಲಿ. ಬಹಳ ಸಲ ಆ ಮೊತ್ತ 2020ರ ನಂತರದ ಬಿಎಸ್-6 ಬೈಕಿನ ಬೆಲೆಯ ಹತ್ತಿರಕ್ಕೆ ಬರುತ್ತದೆ. ಆಗ ನನ್ನ ಆಯ್ಕೆ ಆ ಹೊಸ ಬೈಕೇ. ಮೊತ್ತ ಅಷ್ಟಾಗದಿದ್ದರೆ ಹಳೆಯದನ್ನೇ ಕೊಳ್ಳಿ. ಆದರೆ ಮನೆಗೆ ತರುವ ಮೊದಲು ಗ್ಯಾರೇಜಿಗೆ ಒಯ್ದು ಈ ರಬ್ಬರನ್ನೆಲ್ಲ ಬದಲಿಸಿಕೊಂಡೇ ರಸ್ತೆಗಿಳಿಸಿ.