ತುಪಾಕ್ ಅಮಾರು: ಒಬ್ಬ ಇಂಕಾ ಅರಸನ ಹೆಸರು, ಸುಳ್ಯದ ಕಲ್ಯಾಣಸ್ವಾಮಿಯ ಹೆಸರು

ಇಂಗ್ಲಿಷ್ ಚರಿತ್ರಗ್ರಂಥಗಳಲ್ಲಿ ‘ಟೂಪಾಕ್ ಅಮಾರೂ’ ಎಂಬ ಹೆಸರನ್ನು ಕಂಡ ಓದುಗನು ಮೊದಲನೆಯ ಪದವನ್ನು ವ್ಯಕ್ತಿಯ ಹೆಸರೆಂದೂ ಎರಡನೆಯದನ್ನು ಮನೆತನದ ಹೆಸರೆಂದೂ ಭಾವಿಸುವುದು ಸಹಜವೇ. ಆದರೆ ಆಂಡೀಸ್ ಪರ್ವತಪ್ರದೇಶದ ಕ್ವೆಚುವಾ ನುಡಿಯಲ್ಲಿ ‘ತುಪಾಕ್’ ಎಂಬುದು ರಾಜೋಚಿತವಾದ ತೇಜಸ್ಸನ್ನು ಸೂಚಿಸುವ ಗೌರವವಾಚಕವಾಗಿದ್ದು, ತುಪಾಕ್ ಯುಪಾಂಕಿಯೆಂಬ ಹಿಂದಿನ ಅರಸನೂ ಅದನ್ನು ಧರಿಸಿದ್ದನು. ‘ಅಮಾರು’ ಎಂದರೆ ಮಹಾಸರ್ಪ. ಕುಕ್ಕೆಯಲ್ಲಿ ಸುಬ್ರಹ್ಮಣ್ಯನನ್ನು ನಾಗರೂಪದಲ್ಲಿ ಆರಾಧಿಸುವ, ನಾಗಬನದ ಒಂದು ಕೊಂಬೆಯನ್ನು ಕಡಿಯಲೂ ಅಂಜುವ ಪುತ್ತೂರು, ಸುಳ್ಯ, ಕಡಬ ಸೀಮೆಯವರಿಗೆ, ಅರಸನೊಬ್ಬನು ಸರ್ಪದ ಹೆಸರನ್ನು ಹೊತ್ತನೆಂಬುದು ವಿಚಿತ್ರವಾಗಿ ತೋರಲಾರದು. ಆ ‘ಅಮಾರು’ವಿಗೂ ನಮ್ಮ ಅಮರಸುಳ್ಯದ ‘ಅಮರ’ಕ್ಕೂ ಯಾವ ನಂಟೂ ಇಲ್ಲ, ಅದು ಕೇವಲ ಧ್ವನಿಸಾಮ್ಯ. ಆದರೆ ಆ ಎರಡು ನೆಲಗಳ ಚರಿತ್ರೆಯಲ್ಲಿರುವ ಸಾಮ್ಯವು ಅಷ್ಟು ಸುಲಭವಾಗಿ ಬದಿಗೆ ಸರಿಸತಕ್ಕದ್ದಲ್ಲ.

ಸ್ಪೇನಿನವರು ಕುಸ್ಕೊ ನಗರವನ್ನು ಆಕ್ರಮಿಸಿದ ಮೇಲೆ ವಿಲ್ಕಬಾಂಬದ ಕಾಡುಗಳಲ್ಲಿ ಉಳಿದುಕೊಂಡಿದ್ದ ಇಂಕಾ ರಾಜ್ಯದ ಕೊನೆಯ ಅರಸನಾದ ತುಪಾಕ್ ಅಮಾರುವನ್ನು, ರಾಜಪ್ರತಿನಿಧಿ ಟೊಲೆಡೊನ ಆಜ್ಞೆಯಂತೆ 1572ರಲ್ಲಿ ಕುಸ್ಕೊವಿನ ಚೌಕದಲ್ಲಿ ಶಿರಚ್ಛೇದ ಮಾಡಿದರು. ಇನ್ನೂರು ವರ್ಷಗಳು ಕಳೆದ ಮೇಲೆ, ಆತನ ವಂಶಜನೆಂದು ನ್ಯಾಯಾಲಯದಲ್ಲಿ ವಾದಿಸಿದ್ದ ಹೋಸೆ ಗಾಬ್ರಿಯೆಲ್ ಕೊಂಡೋರ್ಕಾಂಕಿ ಎಂಬ ಊರ ನಾಯಕನು ಅದೇ ಹೆಸರನ್ನು ಧರಿಸಿ, 1780ರ ನವೆಂಬರಿನಲ್ಲಿ ಜನಪೀಡಕನೆನಿಸಿದ್ದ ಅರಿಯಾಗನೆಂಬ ಅಧಿಕಾರಿಯನ್ನು ಸೆರೆಹಿಡಿದು ಗಲ್ಲಿಗೇರಿಸಿ ದಂಗೆಯೆದ್ದನು. 1781ರ ಮೇ ತಿಂಗಳಲ್ಲಿ ಅವನನ್ನು ಕೊಂದ ಸ್ಪೇನಿನವರು ಅಷ್ಟಕ್ಕೇ ತೃಪ್ತರಾಗದೆ, ಇಂಕಾ ಅರಸರ ಚಿತ್ರಗಳನ್ನೂ ಉಡುಪನ್ನೂ ನಿಷೇಧಿಸಿ, ಯಾರೂ ‘ಇಂಕಾ’ ಎಂದು ರುಜು ಹಾಕಕೂಡದೆಂದು ವಿಧಿಸಿದರು. ಹೆಸರಿಗೆ ಅಷ್ಟು ಹೆದರಿದ ಪ್ರಭುತ್ವವು ಹೆಸರಿನ ಬಲವನ್ನು ತಾನೇ ಒಪ್ಪಿಕೊಂಡಂತಾಯಿತು.

ಇನ್ನು ನಮ್ಮ ನೆಲಕ್ಕೆ ಬರೋಣ. 1834ರಲ್ಲಿ ಕಂಪನಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡು, ಅದುವರೆಗೆ ಹಾಲೇರಿ ಅರಸರ ಆಳ್ವಿಕೆಯಲ್ಲಿದ್ದ ಅಮರಸುಳ್ಯ, ಪುತ್ತೂರು ಪ್ರದೇಶಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ತೆರಿಗೆ ಸಲ್ಲಿಸುತ್ತಿದ್ದ ರೈತನು, ಗದ್ದೆಯಲ್ಲಿ ಭತ್ತವಿದ್ದರೂ ಕೈಯಲ್ಲಿ ನಾಣ್ಯವಿಲ್ಲದವನು, ಇನ್ನು ನಗದನ್ನೇ ತರಬೇಕಾಯಿತು. ನಾಣ್ಯಕ್ಕಾಗಿ ಅವನು ಸಾಹುಕಾರನ ಮನೆಯ ಮೆಟ್ಟಿಲನ್ನು ಹತ್ತದೆ ಗತ್ಯಂತರವಿರಲಿಲ್ಲ. ಈ ಸಂಕಟವನ್ನು ಬಲ್ಲ ಕೆದಂಬಾಡಿ ರಾಮಯ್ಯಗೌಡ ಮೊದಲಾದವರು ಜನರನ್ನು ಸಂಘಟಿಸತೊಡಗಿದಾಗ, ಒಂದು ಹೆಸರು ಬೇಕಾಯಿತು. ಹಾಲೇರಿ ವಂಶದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿಯು ಆ ವೇಳೆಗೆ ಬ್ರಿಟಿಷರ ಸೆರೆಯಲ್ಲಿದ್ದನು. ಆಗ ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನೆಂಬ ರೈತನು ಕಲ್ಯಾಣಸ್ವಾಮಿಯಾಗಿ ಜನರ ಮುಂದೆ ನಿಂತನು. ಕೊಂಡೋರ್ಕಾಂಕಿಗೆ ವಂಶಾವಳಿಯ ಆಧಾರವಾದರೂ ಇದ್ದಿತು. ಪುಟ್ಟಬಸಪ್ಪನಿಗೆ ಅದೂ ಇರಲಿಲ್ಲ. ಅದನ್ನು ವಂಚನೆಯೆಂದು ಕರೆಯುವುದು ನನಗೆ ಸಮ್ಮತವಲ್ಲ: ಸೋತರೆ ಕೊರಳು ಹೋಗುವುದೆಂಬ ಹೆಸರನ್ನು ಹೊರುವವನಲ್ಲಿ ಲಾಭದ ಲೆಕ್ಕವಿರಲು ಸಾಧ್ಯವೆ?

ಅಟ್ಲೂರು ರಾಮಪ್ಪಯ್ಯನೆಂಬ, ಜನರ ದ್ವೇಷಕ್ಕೆ ಪಾತ್ರನಾಗಿದ್ದ ಅಧಿಕಾರಿಯು ಇಲ್ಲಿಯೂ ಹತನಾದನು. 1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಪೂಮಲೆಯಿಂದ ಹೊರಟು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡ ದಂಡು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ದಾರಿಯಲ್ಲಿ ಹೆಚ್ಚುತ್ತ ಹೋಗಿ, ಏಪ್ರಿಲ್ 5ರಂದು ಮಂಗಳೂರನ್ನು ಸೇರಿತು. ಅಲ್ಲಿ ಬಾವುಟವನ್ನೇರಿಸಿದ ಗುಡ್ಡವು ಇಂದಿಗೂ ಬಾವುಟಗುಡ್ಡೆಯೇ. ಸುಮಾರು 13 ದಿನಗಳ ಬಳಿಕ ಹೊರಗಿನಿಂದ ಬಂದ ಕಂಪನಿಯ ಸೈನ್ಯವು ನಗರವನ್ನು ಮತ್ತೆ ಹಿಡಿದುಕೊಂಡಿತು, ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಲಾಯಿತು.

ತರುವಾಯ ಆ ಹೋರಾಟಕ್ಕೆ ‘ಕಲ್ಯಾಣಪ್ಪನ ಕಾಟುಕಾಯಿ’ ಎಂಬ, ಲೂಟಿ ದಾಂಧಲೆಗಳ ಧ್ವನಿಯುಳ್ಳ ಹೆಸರು ಅಂಟಿಕೊಂಡಿತು. ಅತ್ತ ದಕ್ಷಿಣ ಅಮೆರಿಕದಲ್ಲಿ ಸ್ವಾತಂತ್ರ್ಯಕ್ಕಾಗಿ ಕಾದಾಡಿದವರನ್ನು ಸ್ಪೇನಿನ ಅಧಿಕಾರಿಗಳು ‘ತುಪಮಾರೊ’ಗಳೆಂದು ತುಚ್ಛೀಕರಿಸಿದರು, ಮುಂದೆ 1960ರ ದಶಕದ ಉರುಗ್ವೆಯ ಬಂಡುಗಾರರು ಆ ಬೈಗುಳವನ್ನೇ ಅಭಿಮಾನದಿಂದ ತಮ್ಮ ಹೆಸರಾಗಿ ಧರಿಸಿದರು. ಇಂಗ್ಲಿಷ್ ಮಾತಾಡುವ ಇಂದಿನ ಯುವಜನರಿಗೆ ‘ಟೂಪಾಕ್’ ಎಂದರೆ 1971ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಟೂಪಾಕ್ ಶಕೂರ್ ಎಂಬ ಗಾಯಕ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ತಾಯಿಯು ತನ್ನ ಶಿಶುವಿಗೆ 1780ರ ಆ ದಂಗೆಗಾರನ ಹೆಸರನ್ನೇ ಇಟ್ಟಳು. ಮಗನು ಅದನ್ನು 2 ಎಂಬ ಅಂಕೆಯೊಡನೆ ಬರೆದನು. ಅರಸರ ಗೌರವವಾಚಕವು ಹೀಗೆ ಇಂಗ್ಲಿಷಿನಲ್ಲಿ ಸಾಮಾನ್ಯರ ಮನೆಯ ಹೆಸರಾಯಿತು.

ನಮ್ಮಲ್ಲಿ ಕಲ್ಯಾಣಸ್ವಾಮಿಯ ಹೆಸರನ್ನು ಕಾದಂಬರಿಯ ಶೀರ್ಷಿಕೆಯಾಗಿಸಿ ಗೌರವಿಸಿದವರು ಈಗ ಕಡಬ ತಾಲ್ಲೂಕಿಗೆ ಸೇರಿದ ಕುಳ್ಕುಂದದ ಶಿವರಾಯರು, ಅರ್ಥಾತ್ ನಿರಂಜನರು. ಅವರ ‘ಸ್ವಾಮಿ ಅಪರಂಪಾರ’ವೂ ಕೊಡಗಿನ ಪ್ರತಿರೋಧದ ಕಥೆಯೇ. ಬಾವುಟಗುಡ್ಡೆಯಲ್ಲಿ 2022ರ ನವೆಂಬರಿನಲ್ಲಿ ರಾಮಯ್ಯಗೌಡರ ಪ್ರತಿಮೆಯೂ ಎದ್ದುನಿಂತಿದೆ. ಶಾಲೆಯ ಮಕ್ಕಳಿಗೆ ಈ ಚರಿತ್ರೆಯನ್ನು ಹೇಳುವಾಗ, ಕಲ್ಯಾಣಸ್ವಾಮಿಯೆಂಬ ಹೆಸರಿನ ಪಕ್ಕದಲ್ಲಿ ಪುಟ್ಟಬಸಪ್ಪನೆಂಬ ರೈತನ ಸ್ವಂತ ಹೆಸರನ್ನೂ ಅಧ್ಯಾಪಕರು ತಪ್ಪದೆ ಹೇಳಬೇಕೆಂದು ನನ್ನ ವಿನಂತಿ.