ತೂಕವಷ್ಟೇ ಸಾಲದು, ಹೊಟ್ಟೆಯ ಸುತ್ತಳತೆಯೂ ತಿಳಿದಿರಲಿ

“ನಾನು ತೆಳ್ಳಗಿದ್ದೇನೆ, ನನಗೇಕೆ ಸಕ್ಕರೆ ಕಾಯಿಲೆ?” ಎಂದು ಅನೇಕರು ಕೇಳುತ್ತಾರೆ. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಶೇಖರವಾದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯರೋಗಗಳ ಸಂಭವ ಹೆಚ್ಚುತ್ತದೆ.

ಅಳೆಯುವುದು ಹೇಗೆ? ನೇರವಾಗಿ ನಿಂತು, ಸಹಜವಾಗಿ ಉಸಿರು ಹೊರಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ ಬರಿಮೈಗೆ ಟೇಪು ಸುತ್ತಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಟೇಪು ಬಿಗಿಯಬೇಡಿ.

ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಗರ್ಭಿಣಿಯರಿಗೆ ಇದು ಅನ್ವಯಿಸದು.

ಮಿತಿ ಮೀರಿದ್ದರೆ ಗಾಬರಿ ಬೇಡ. ಅದು ರೋಗವಲ್ಲ, ಎಚ್ಚರಿಕೆ. ವೈದ್ಯರನ್ನು ಕಂಡು ರಕ್ತದ ಸಕ್ಕರೆ, ಬಿ.ಪಿ., ಕೊಬ್ಬಿನಂಶ ಪರೀಕ್ಷಿಸಿಕೊಳ್ಳಿ. ಸಕ್ಕರೆ ಕಾಯಿಲೆ ವಂಶದಲ್ಲಿ ಬರುವುದುಂಟು. ಆದ್ದರಿಂದ ರೋಗಿಯ ಜೊತೆ ಬಂದಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು, ವಯಸ್ಕ ಮಕ್ಕಳೂ ಇಂದೇ ಅಳತೆ ಮಾಡಿಸಿಕೊಳ್ಳಿ.