ಗೂಡು ಸೆರೆಮನೆಯಾಗದಿರಲಿ
ಹೊಸ ನಾಯಿಮರಿಯನ್ನು ಮನೆಗೆ ಒಗ್ಗಿಸುವ ಬಗೆ

ನಮ್ಮ ಗಡಿನಾಡಿನಲ್ಲಿ ನಾಯಿ ಇಲ್ಲದ ಅಂಗಳ ಕಡಿಮೆ. ಮಂಜೇಶ್ವರದಿಂದ ಬದಿಯಡ್ಕದವರೆಗೆ ಯಾವ ತೋಟದ ಮನೆಗೆ ಹೋದರೂ ನಮ್ಮನ್ನು ಮೊದಲು ಮಾತನಾಡಿಸುವುದು ನಾಯಿಯೇ. ಮಕ್ಕಳೆಲ್ಲ ಗಲ್ಫಿನಲ್ಲಿದ್ದು ಊರಿನಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಮನೆಗಳಲ್ಲಂತೂ ನಾಯಿ ಕಾವಲಿಗೂ ಬೇಕು, ಜೊತೆಗೂ ಬೇಕು. ಹೀಗೆ ಕ್ರಿಸ್ಮಸ್ ರಜೆಯಲ್ಲೋ, ಬೇಸಿಗೆ ರಜೆಯಲ್ಲೋ ಮಕ್ಕಳ ಒತ್ತಾಯಕ್ಕೆ ಒಂದು ಮರಿ ಮನೆಗೆ ಬರುತ್ತದೆ.

ಬಂದ ದಿನ ಸಂಭ್ರಮವೋ ಸಂಭ್ರಮ. ರಾತ್ರಿಯಾದೊಡನೆ ಮರಿಯ ಅಳು ಶುರು. ಬೆಳಗ್ಗೆ ನೋಡಿದರೆ ಚಾವಡಿಯಲ್ಲೆಲ್ಲ ಮೂತ್ರ, ಸಿಟ್‌ಔಟ್‌ನಲ್ಲಿ ಹರಿದ ಚಪ್ಪಲಿ. ಎರಡು ವಾರ ಕಳೆಯುವಷ್ಟರಲ್ಲಿ ಮನೆಯವರ ತಾಳ್ಮೆ ಮುಗಿದು ಮರಿ ಹಿತ್ತಿಲಿನ ಸಂಕೋಲೆಗೋ, ತಗಡಿನ ಮಾಡಿನ ಕಬ್ಬಿಣದ ಗೂಡಿಗೋ ಸೇರುತ್ತದೆ. ಮುಂದಿನ ಹತ್ತು ಹನ್ನೆರಡು ವರ್ಷ ಅದರ ಬದುಕು ಅಲ್ಲೇ. ಎಂದೋ ಒಂದು ದಿನ ಬಾಗಿಲಿನ ಚಿಲಕ ಸರಿಯಾಗಿ ಬೀಳದೆ ಹೊರಗೆ ಬಂದ ನಾಯಿ ನೆರೆಮನೆಯ ಮಗುವನ್ನೋ, ಅಂಚೆಯವನನ್ನೋ ಕಚ್ಚಿದಾಗ ತಪ್ಪೆಲ್ಲ ನಾಯಿಯದ್ದಾಗುತ್ತದೆ. ಆದರೆ ಆ ಸ್ವಭಾವಕ್ಕೆ ಅಡಿಪಾಯ ಬಿದ್ದದ್ದು ಅದು ಮರಿಯಾಗಿದ್ದಾಗ, ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲಿ.

ತರುವ ವಯಸ್ಸು

ಹುಟ್ಟಿದ ನಾಯಿಮರಿಗೆ ಕಣ್ಣೂ ಕಾಣದು, ಕಿವಿಯೂ ಕೇಳದು. ಎರಡು ವಾರದ ಹೊತ್ತಿಗೆ ಕಣ್ಣು ತೆರೆಯುತ್ತದೆ, ಮೂರನೆಯ ವಾರದ ಹೊತ್ತಿಗೆ ಕಿವಿ ಕೇಳತೊಡಗುತ್ತದೆ. ಅಲ್ಲಿಂದ ಸುಮಾರು ಹನ್ನೆರಡು ವಾರದವರೆಗಿನ ಕಾಲ ನಾಯಿಯ ಬದುಕಿನಲ್ಲಿ ಬಹು ಮುಖ್ಯ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ನಾಯಿಮರಿಗಳನ್ನು ಸಾಕಿ, ಗಮನಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಈ ವಾರಗಳಲ್ಲಿ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಮುಂದೆ ಮನುಷ್ಯರನ್ನು ಕಂಡರೆ ಹೆದರುತ್ತಿದ್ದವು. ಹೆದರಿದ ನಾಯಿಯೇ ಹೆಚ್ಚಾಗಿ ಕಚ್ಚುವುದು.

ಹಾಗೆಂದು ತೀರಾ ಎಳೆಯ ಮರಿಯನ್ನು ತರಲೂಬಾರದು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿಯಿಂದ ಮತ್ತು ಒಡಹುಟ್ಟಿದ ಮರಿಗಳೊಂದಿಗಿನ ಆಟದಿಂದ. ಎಂಟು ವಾರ ತುಂಬಿದ ಮೇಲೆ ತರುವುದು ಉತ್ತಮ. ಲ್ಯಾಬ್ರಡಾರೇ ಆಗಲಿ, ನಮ್ಮ ಊರನಾಯಿಯ ಮರಿಯೇ ಆಗಲಿ, ಈ ಮಾತಿನಲ್ಲಿ ವ್ಯತ್ಯಾಸವಿಲ್ಲ. ನಮ್ಮ ಕರಾವಳಿಯ ಸೆಕೆಗೆ, ಮಳೆಗೆ ಹೆಚ್ಚು ಒಗ್ಗುವುದು ಊರನಾಯಿಯೇ ಎಂಬುದೂ ನೆನಪಿರಲಿ.

ಗೂಡು ಯಾತಕ್ಕೆ?

ಬೀದಿಯ ನಾಯಿ ಮರಿ ಹಾಕುವ ಜಾಗವನ್ನು ಗಮನಿಸಿದ್ದೀರಾ? ಮೋರಿಯ ಕೆಳಗೆ, ಕೆಂಪುಕಲ್ಲಿನ ರಾಶಿಯ ಸಂದಿಯಲ್ಲಿ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಒಣಗಿದ ತೆಂಗಿನ ಮಡಲಿನ ಅಡಿಯಲ್ಲಿ. ಮೂರು ಕಡೆ ಮರೆ, ಒಂದು ಕಡೆ ದಾರಿ. ಮರಿಗೆ ನೆಮ್ಮದಿ ಸಿಗುವುದು ಇಂಥ ಕಡೆ. ಇನ್ನೊಂದು ವಿಷಯವೆಂದರೆ, ಸುಮಾರು ಮೂರು ವಾರವಾಗಿ ಕಾಲಿಗೆ ಬಲ ಬಂದೊಡನೆ ಮರಿ ಮಲಗುವ ಜಾಗದಿಂದ ಆಚೆ ಹೋಗಿ ಮಲಮೂತ್ರ ಮಾಡಲು ಪ್ರಯತ್ನಿಸುತ್ತದೆ. ಮಲಗುವ ಜಾಗವನ್ನು ಹೊಲಸು ಮಾಡದಿರುವುದು ಅದರ ಹುಟ್ಟುಗುಣ.

ಮನೆಯೊಳಗೆ ಮರಿಗೊಂದು ಗೂಡು ಇಡುವ ಪದ್ಧತಿ ನಿಂತಿರುವುದು ಈ ಎರಡು ಗುಣಗಳ ಮೇಲೆ. ಇದು ಹಿತ್ತಿಲಿನ ಕಬ್ಬಿಣದ ಗೂಡಿನಂತಲ್ಲ. ಅದು ನಾಯಿಯನ್ನು ಮನೆಯಿಂದ ದೂರ ಇಡಲು ಮಾಡಿದ್ದು. ಇದು ಮನೆಯೊಳಗೆ ಅದಕ್ಕೊಂದು ಮಲಗುವ ಕೋಣೆ. ಮಗುವಿಗೆ ತೊಟ್ಟಿಲು ಇದ್ದಂತೆ ಎನ್ನಿ.

ಗೂಡು ಹೇಗಿರಬೇಕು?

ಮರಿ ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ದೊಡ್ಡದಿದ್ದರೆ ಸಾಕು. ಬಹಳ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಮೂತ್ರ ಮಾಡುತ್ತದೆ. ಬೆಳೆಯುವ ಜಾತಿಯ ಮರಿಯಾದರೆ ದೊಡ್ಡ ಗೂಡನ್ನೇ ತಂದು ಮಧ್ಯೆ ಹಲಗೆಯ ಅಡ್ಡ ಕೊಟ್ಟು, ಮರಿ ಬೆಳೆದಂತೆ ಹಲಗೆಯನ್ನು ಹಿಂದಕ್ಕೆ ಸರಿಸುತ್ತಾ ಹೋಗಬಹುದು.

ಮಡಚುವ ತಂತಿಯ ಗೂಡುಗಳು ಅಂಗಡಿಯಲ್ಲಿ ಸಿಗುತ್ತವೆ. ಅಷ್ಟು ಖರ್ಚು ಬೇಡವೆಂದಾದರೆ ಬಡಗಿಯಿಂದ ಮರದ ಪಟ್ಟಿಯ ಗೂಡು ಮಾಡಿಸಬಹುದು. ಗಾಳಿ ಚೆನ್ನಾಗಿ ಆಡಬೇಕು, ಮೊಳೆ ಚುಚ್ಚಬಾರದು, ಕಂಬಿಗಳ ಸಂದಿಯಲ್ಲಿ ತಲೆ ಸಿಕ್ಕಿಹಾಕಿಕೊಳ್ಳಬಾರದು. ಒಳಗೆ ಹಳೆಯ ಬೈರಾಸೋ, ಮಡಚಿದ ಗೋಣಿಚೀಲವೋ ಸಾಕು. ಜನ ಓಡಾಡುವ ಕೋಣೆಯ ಮೂಲೆಯಲ್ಲಿ, ಬಿಸಿಲು ನೇರ ಬೀಳದಲ್ಲಿ, ಮಳೆಯ ಇರಚಲು ಹೊಡೆಯದಲ್ಲಿ ಇಡಿ. ಒಳಗೆ ಬಿಡುವಾಗ ಕುತ್ತಿಗೆಯ ಪಟ್ಟಿಯನ್ನು ಬಿಚ್ಚಿಬಿಡಿ. ಅದು ಕಂಬಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಒಗ್ಗಿಸುವ ಕ್ರಮ

ಮರಿಯನ್ನು ಎತ್ತಿ ಒಳಗೆ ತುರುಕಿ ಬಾಗಿಲು ಹಾಕಿದಿರೋ, ಅಲ್ಲಿಗೆ ಕೆಲಸ ಕೆಟ್ಟಿತು. ಮೊದಲ ಒಂದೆರಡು ದಿನ ಬಾಗಿಲು ತೆರೆದೇ ಇರಲಿ. ಒಳಗೆ ಮುಳ್ಳು ತೆಗೆದ ಮೀನಿನ ತುಂಡೋ, ಕೋಳಿಯ ಚೂರೋ ಇಡಿ. ಮರಿ ತಾನಾಗಿ ಹೋಗಿ ತಿಂದು ಬರಲಿ. ಆಮೇಲೆ ಊಟದ ತಟ್ಟೆಯನ್ನೇ ಒಳಗಿಡಿ. ಉಣ್ಣುವಾಗ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಉಂಡು ಮುಗಿದೊಡನೆ ತೆರೆಯಿರಿ. ಮಾರನೆಯ ದಿನ ಉಂಡ ಮೇಲೆ ಎರಡು ನಿಮಿಷ, ಆಮೇಲೆ ಐದು, ಹತ್ತು. ಆರಂಭದಲ್ಲಿ ನೀವು ಎದುರಿಗೇ ಇರಿ. ಅನಂತರ ಅಡುಗೆಮನೆಗೆ ಹೋಗಿ ಬನ್ನಿ, ಅಂಗಳಕ್ಕೆ ಹೋಗಿ ಬನ್ನಿ. ಮರಿ ಆಡಿ ದಣಿದು, ಮೂತ್ರ ಮಾಡಿ ಬಂದ ಹೊತ್ತು ನೋಡಿ ಬಾಗಿಲು ಹಾಕಿದರೆ ಹೆಚ್ಚಾಗಿ ಅದು ನಿದ್ದೆಹೋಗುತ್ತದೆ.

ಆದಿತ್ಯವಾರ ಬೆಳಗ್ಗೆ ಮನೆಮಂದಿಯೆಲ್ಲ ಇಗರ್ಜಿಗೆ ಹೊರಡುವುದು ನಮ್ಮಲ್ಲಿ ವಾಡಿಕೆಯಷ್ಟೆ. ಮರಿ ಮೊತ್ತಮೊದಲು ಒಂಟಿಯಾಗುವುದು ಅಂದೇ ಆಗಬಾರದು. ಅದಕ್ಕೆ ಮುಂಚಿನ ದಿನಗಳಲ್ಲಿ ಹತ್ತು ನಿಮಿಷ, ಅರ್ಧ ಗಂಟೆ ಎಂದು ಅಭ್ಯಾಸವಾಗಿರಲಿ. ಮೊದಲ ಒಂದೆರಡು ಆದಿತ್ಯವಾರ ಮನೆಯವರು ಎರಡು ಪಾಲಾಗಿ ಬೇರೆ ಬೇರೆ ಪೂಜೆಗೆ ಹೋದರೆ ಇನ್ನೂ ಒಳ್ಳೆಯದು.

ಎರಡು ನಿಯಮಗಳನ್ನು ಮನೆಯ ಎಲ್ಲರೂ ಪಾಲಿಸಬೇಕು. ಒಂದು, ಶಿಕ್ಷೆಗಾಗಿ ಮರಿಯನ್ನು ಗೂಡಿಗೆ ಹಾಕಬಾರದು. ಚಪ್ಪಲಿ ಕಚ್ಚಿತೆಂದು ಗದರಿಸಿ ಒಳಗೆ ದೂಡಿದರೆ ಮರುದಿನ ಅದು ಗೂಡನ್ನು ಕಂಡೊಡನೆ ಮಂಚದಡಿಗೆ ಓಡುತ್ತದೆ. ಎರಡು, ಹೆಚ್ಚು ಹೊತ್ತು ಕೂಡಿಹಾಕಬಾರದು. ಎರಡು ತಿಂಗಳ ಮರಿಯನ್ನು ಹಗಲು ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆ ಒಳಗಿಡಬಹುದು. ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿ ಎಂಟು ಗಂಟೆ ಮನೆ ಖಾಲಿಯಾಗುವುದಾದರೆ ಗೂಡು ಅದಕ್ಕೆ ಪರಿಹಾರವಲ್ಲ. ಅಂಥ ಮನೆಗೆ ಎಳೆಯ ಮರಿ ತಕ್ಕುದಲ್ಲ.

ಕಾನೂನಿನ ಮಾತೂ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ, ಸದಾ ಸಂಕೋಲೆಯಲ್ಲೋ ಇಕ್ಕಟ್ಟಿನಲ್ಲೋ ಇಟ್ಟ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದಿರುವುದು ಅಪರಾಧ. ಹಿತ್ತಿಲಿನ ಗೂಡಿಗೂ ಇದು ಅನ್ವಯಿಸುತ್ತದೆ.

ಮೊದಲ ರಾತ್ರಿ

ಮರಿ ರಾತ್ರಿ ಅಳುವುದು ಹಟದಿಂದಲ್ಲ. ನಿನ್ನೆಯವರೆಗೆ ತಾಯಿಯ ಹೊಟ್ಟೆಗೆ ಆತು ಮಲಗಿದ ಜೀವ ಇಂದು ಒಂಟಿ. ಮರಿ ತರಲು ಹೋಗುವಾಗ ಒಂದು ಬಟ್ಟೆ ಒಯ್ದು ತಾಯಿಯ ಮೈಗೆ ಒರಸಿ ತಂದು ಗೂಡಿನಲ್ಲಿ ಹಾಸಿ. ಮೊದಲ ಕೆಲವು ರಾತ್ರಿ ಗೂಡು ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ಉಸಿರಾಟದ ಸದ್ದು ಕೇಳಿದರೆ, ಕೈಯ ವಾಸನೆ ಸಿಕ್ಕಿದರೆ ಅದು ಸುಮ್ಮನಾಗುತ್ತದೆ. ಒಂದೆರಡು ವಾರದಲ್ಲಿ ಗೂಡನ್ನು ಸ್ವಲ್ಪ ಸ್ವಲ್ಪವಾಗಿ ಅದರ ಖಾಯಂ ಜಾಗಕ್ಕೆ ಸರಿಸಬಹುದು.

ನಡುರಾತ್ರಿ ಒಂದೆರಡು ಸಲ ಹೊರಗೆ ಒಯ್ಯಲೇಬೇಕಾಗುತ್ತದೆ. ಆಗ ದೀಪವೆಲ್ಲ ಹಾಕಿ ಮುದ್ದಾಡಲು ಹೋಗಬೇಡಿ. ಒಯ್ದು, ಮೂತ್ರ ಮಾಡಿಸಿ, ಮರಳಿ ಮಲಗಿಸಿ. ರಾತ್ರಿ ಆಟದ ಹೊತ್ತಲ್ಲ ಎಂದು ಅದಕ್ಕೆ ಬೇಗ ತಿಳಿಯುತ್ತದೆ.

ಮಲಮೂತ್ರದ ಪಾಠ

ಎದ್ದೊಡನೆ, ಉಂಡೊಡನೆ, ಆಡಿ ಮುಗಿದೊಡನೆ ಮತ್ತು ಮಲಗುವ ಮುಂಚೆ, ಹೀಗೆ ನಾಲ್ಕು ಹೊತ್ತು ತಪ್ಪದೆ ಅಂಗಳದ ಒಂದೇ ಮೂಲೆಗೆ ಕರೆದೊಯ್ಯಿರಿ. ಸಂಜೆಯ ಜಪಸರ ಮುಗಿದೊಡನೆ ಒಬ್ಬರು ಮರಿಯನ್ನು ಹೊರಗೆ ಒಯ್ಯುವುದೆಂದು ರೂಢಿ ಮಾಡಿಕೊಂಡರೆ ಮರೆಯುವ ಪ್ರಶ್ನೆಯಿಲ್ಲ. ಮರಿಯ ವಯಸ್ಸಿನ ತಿಂಗಳಿಗೆ ಒಂದನ್ನು ಸೇರಿಸಿದರೆ ಎಷ್ಟಾಗುತ್ತದೋ ಅಷ್ಟು ಗಂಟೆಗಿಂತ ಹೆಚ್ಚು ಅದು ಮೂತ್ರ ತಡೆಯಲಾರದು ಎಂಬುದು ಸಾಮಾನ್ಯ ಲೆಕ್ಕ. ಎರಡು ತಿಂಗಳಿನದಕ್ಕೆ ಹೆಚ್ಚೆಂದರೆ ಮೂರು ಗಂಟೆ. ಎಚ್ಚರವಾಗಿ ಆಡುತ್ತಿರುವಾಗ ಅಷ್ಟೂ ಇಲ್ಲ.

ಹೊರಗೆ ಮಾಡಿದ ಕೂಡಲೇ ಹೊಗಳಿ, ಒಂದು ಚೂರು ತಿನಿಸು ಕೊಡಿ. ಒಳಗೆ ಮಾಡಿದರೆ ಮೂಗನ್ನು ಅದಕ್ಕೆ ಒತ್ತುವುದು, ಪತ್ರಿಕೆ ಸುತ್ತಿ ಹೊಡೆಯುವುದು ಹಳೆಯ ಕ್ರಮ. ಅದರಿಂದ ಮರಿ ಕಲಿಯುವುದು ಒಂದೇ: ಇವರ ಕಣ್ಣೆದುರು ಮೂತ್ರ ಮಾಡಬಾರದು, ಸೋಫಾದ ಹಿಂದೆ ಮಾಡಬೇಕು. ಸಾಬೂನು ನೀರಿನಲ್ಲಿ ಒರಸಿ, ಬಳಿಕ ವಿನೆಗರ್ ಬೆರೆಸಿದ ನೀರಿನಿಂದ ಒರಸಿ. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಮಳೆಗಾಲದಲ್ಲಿ ತಂದ ಮರಿಗೆ ಅಂಗಳಕ್ಕಿಳಿಯಲು ಮನಸ್ಸಿರದು. ಮಾಡಿನ ಇಳಿಜಾರಿನ ಕೆಳಗೆ ನೀರು ಬೀಳದ ಒಂದು ಜಾಗ ಗೊತ್ತುಮಾಡಿ.

ಚುಚ್ಚುಮದ್ದು ಮತ್ತು ಆಹಾರ

ಮನೆಗೆ ತಂದ ಒಂದೆರಡು ದಿನದಲ್ಲೇ ಮೃಗಾಸ್ಪತ್ರೆಗೆ ಒಯ್ಯಿರಿ. ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳ ಲಸಿಕೆ 6ರಿಂದ 8 ವಾರದಲ್ಲಿ ಆರಂಭವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರದವರೆಗೆ ನಡೆಯುತ್ತದೆ. ವಾಂತಿ, ರಕ್ತಭೇದಿ ಕಂಡರೆ ಪಾರ್ವೊ ಇರಬಹುದು. ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಅನಂತರ ವೈದ್ಯರು ಹೇಳಿದಂತೆ ವರ್ಷ ವರ್ಷ. ಹುಳದ ಮದ್ದು, ಉಣ್ಣಿಯ ಮದ್ದು ಕೇಳಿ ಪಡೆಯಿರಿ. ಕೇರಳದಲ್ಲಿ 1998ರ ನಿಯಮಗಳಂತೆ ಸಾಕುನಾಯಿಗೆ ಪಂಚಾಯತಿಯ ಲೈಸೆನ್ಸ್ ಬೇಕು. ಆದ್ದರಿಂದ ಲಸಿಕೆಯ ಪುಸ್ತಕವನ್ನು ಜೋಪಾನವಾಗಿಡಿ.

ಲಸಿಕೆಗಳು ಮುಗಿಯುವ ತನಕ ಬೀದಿಯ ನೆಲದಲ್ಲಿ ಬಿಡಬೇಡಿ. ಆದರೆ ಎತ್ತಿಕೊಂಡು ಹೊರಗೆ ಹೋಗಿ. ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಶಾಲೆಯ ಮಕ್ಕಳು, ಮೀನಿನ ಗಾಡಿ, ಬಸ್ಸು ಎಲ್ಲವನ್ನೂ ಅದು ಈ ವಯಸ್ಸಿನಲ್ಲೇ ನೋಡಲಿ.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ. ಬರೀ ಹಾಲು ಅನ್ನದಲ್ಲಿ ಬೆಳೆಸುವುದು ಸರಿಯಲ್ಲ. ದನದ ಹಾಲು ಹೆಚ್ಚಾದರೆ ಭೇದಿಯಾಗುತ್ತದೆ. ಬೇಯಿಸಿದ ಕೋಳಿಯ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ಚಾಕಲೇಟು, ದ್ರಾಕ್ಷಿ ನಾಯಿಗೆ ವಿಷ. ಒಣದ್ರಾಕ್ಷಿ ತುಂಬಿದ ಕ್ರಿಸ್ಮಸ್ ಕೇಕನ್ನು ಪ್ರೀತಿಯಿಂದ ಕೊಡುವವರು ಇದನ್ನು ನೆನಪಿಡಬೇಕು.

ಮಕ್ಕಳು ಮತ್ತು ಮರಿ

ಉಣ್ಣುವಾಗ, ಮಲಗಿರುವಾಗ, ಗೂಡಿನೊಳಗಿರುವಾಗ ಮರಿಯನ್ನು ಮುಟ್ಟಬಾರದು ಎಂದು ಮಕ್ಕಳಿಗೆ ಮೊದಲ ದಿನವೇ ಹೇಳಿ. ಗೂಡಿಗೆ ಹೋದ ಮರಿಯನ್ನು ಯಾರೂ ಎಳೆದು ತರಬಾರದು. ಮನೆಯಲ್ಲಿ ನೆಂಟರು ತುಂಬಿದಾಗ, ಹಬ್ಬದ ಗರ್ನಾಲು ಸಿಡಿಯುವಾಗ ಅದಕ್ಕೆ ಓಡಿಹೋಗಲು ಆ ಒಂದು ಜಾಗವಾದರೂ ಇರಲಿ. ಚಿಕ್ಕ ಮಕ್ಕಳನ್ನೂ ಮರಿಯನ್ನೂ ದೊಡ್ಡವರಿಲ್ಲದೆ ಬಿಡಬೇಡಿ.

ಹಲ್ಲು ಬದಲಾಗುವ ನಾಲ್ಕರಿಂದ ಆರು ತಿಂಗಳಿನಲ್ಲಿ ಮರಿ ಕಂಡದ್ದನ್ನೆಲ್ಲ ಕಚ್ಚುತ್ತದೆ. ಕೈಗೆ ಬಾಯಿ ಹಾಕಿದರೆ ಆಟ ನಿಲ್ಲಿಸಿ ಎದ್ದುಬಿಡಿ, ಬದಲಿಗೆ ಜಗಿಯಲು ಆಟಿಕೆ ಕೊಡಿ.

ಹಲ್ಲು ತಾಗಿ ರಕ್ತ ಬಂದರೆ, ‘ಮರಿ ತಾನೇ, ಏನಾಗುತ್ತದೆ’ ಎನ್ನುವುದು ಅಪಾಯದ ಮಾತು. ರೇಬೀಸ್ ಮರಿಗಳಿಗೂ ಬರುತ್ತದೆ, ಮರಿಗಳಿಂದಲೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ರೇಬೀಸ್ ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ 100ಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು. ಮಕ್ಕಳು ಬೈಗುಳಕ್ಕೆ ಹೆದರಿ ಗಾಯವನ್ನು ಮುಚ್ಚಿಡುವುದೂ ಉಂಟು. ಹೇಳಿದರೆ ಬೈಯುವುದಿಲ್ಲ ಎಂಬ ಧೈರ್ಯವನ್ನು ಅವರಿಗೆ ಕೊಡಿ. ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಸಿನ, ಮೆಣಸಿನ ಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯದ ಸ್ವರೂಪ ನೋಡಿ ವೈದ್ಯರು ಲಸಿಕೆ ಮಾತ್ರವೇ, ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕೇ ಎಂದು ನಿರ್ಧರಿಸುತ್ತಾರೆ. ಹೇಳಿದ ಚುಚ್ಚುಮದ್ದುಗಳನ್ನೆಲ್ಲ ಪೂರ್ತಿಗೊಳಿಸಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು.

ತರುವ ಮುನ್ನ ಒಂದು ಸಂಜೆ

ಆದ್ದರಿಂದ ಮರಿ ತರುವ ಮುಂಚೆ ಒಂದು ಸಂಜೆ ಮನೆಯವರೆಲ್ಲ ಕುಳಿತು ಮಾತನಾಡಿ. ನಡುರಾತ್ರಿ ಏಳುವವರು ಯಾರು? ಮಕ್ಕಳು ಓದಲು ಮಂಗಳೂರಿಗೋ, ಕೆಲಸಕ್ಕೆ ದುಬೈಗೋ ಹೋದ ಮೇಲೆ ನಾಯಿಯನ್ನು ನಡೆಸಿಕೊಂಡು ಹೋಗುವವರು ಯಾರು? ಮೊಣಕಾಲು ನೋವಿನ ಅಜ್ಜಿಗೆ, ಜಗ್ಗುವ ದೊಡ್ಡ ಜಾತಿಯ ನಾಯಿಯನ್ನು ಹಿಡಿಯಲು ಆದೀತೇ? ಸರಿಯಾದ ಉತ್ತರ ಸಿಗದಿದ್ದರೆ ಈ ವರ್ಷ ಬೇಡ ಎನ್ನುವುದೇ ಮೇಲು. ಪೇಟೆಯ ಮೀನು ಮಾರುಕಟ್ಟೆಯ ಬಳಿ ರಾತ್ರಿ ಬಿಟ್ಟುಬಂದ ನಾಯಿಗಳೂ ಒಂದು ಕಾಲಕ್ಕೆ ಯಾರದೋ ಮನೆಯ ಮುದ್ದಿನ ಮರಿಗಳೇ.

ಉತ್ತರ ಸಿಕ್ಕಿತೆಂದಾದರೆ ಧೈರ್ಯವಾಗಿ ತನ್ನಿ. ಎರಡು ವಾರದ ನಿದ್ದೆಗೇಡು, ನಾಲ್ಕಾರು ತಿಂಗಳ ತಾಳ್ಮೆ. ಆಮೇಲೆ ಗೂಡಿನ ಬಾಗಿಲು ಹಾಕುವ ಅಗತ್ಯವೇ ಬೀಳುವುದಿಲ್ಲ. ರಾತ್ರಿ ನೀವು ದೀಪ ಆರಿಸುವ ಹೊತ್ತಿಗೆ ಅದು ತಾನಾಗಿ ಒಳಗೆ ಹೋಗಿ, ಒಂದು ಸುತ್ತು ಸುತ್ತಿ, ಮೂತಿಯನ್ನು ಬಾಲದೊಳಗೆ ಹುದುಗಿಸಿ ಮಲಗಿರುತ್ತದೆ.